ಅಂತರಿಕ್ಷ ಸಾಹಸಕಥನ ಮತ್ತು ಕೋಲಾರದ ಆಳಗಣಿ

ಆಧುನಿಕ ಅಂತರಿಕ್ಷ ಸಾಹಸ ಕಾದಂಬರಿಯ ಪರಂಪರೆಯಲ್ಲಿ ಜೂಲ್ಸ್ ವರ್ನ್ 1865ರಲ್ಲಿ ಪ್ರಕಟಿಸಿದ ಚಂದ್ರಯಾನದ ಕಥೆಗೆ ಮೊದಲ ಸಾಲಿನ ಸ್ಥಾನವಿದೆ. ಇಪ್ಪತ್ತನೆಯ ಶತಮಾನದಲ್ಲಿ ಈ ಪ್ರಕಾರದಿಂದ ಲಘುಧಾಟಿಯ ಕವಲೊಂದು ಒಡೆಯಿತು. ಕಾನೂನಿನ ಕಣ್ಣು ತಪ್ಪಿಸಿ ಲೋಕದಿಂದ ಲೋಕಕ್ಕೆ ನುಸುಳುವ, ಆದರೂ ಓದುಗರ ಪ್ರೀತಿಗೆ ಪಾತ್ರನಾಗುವ ತುಂಟ ನಾಯಕನೇ ಅದರ ಕೇಂದ್ರ. ಹ್ಯಾರಿ ಹ್ಯಾರಿಸನ್ 1961ರ ಕಾದಂಬರಿಯಲ್ಲಿ ಚಿತ್ರಿಸಿದ ಅಂತರಿಕ್ಷದ ಠಕ್ಕ, 1977ರ 'ಸ್ಟಾರ್ ವಾರ್ಸ್' ಚಲನಚಿತ್ರದ ಕಳ್ಳಸಾಗಣೆಯ ಕಪ್ತಾನ ಹಾನ್ ಸೋಲೋ ಇದಕ್ಕೆ ನಿದರ್ಶನಗಳು. ಕನ್ನಡದಲ್ಲಿ ರಾಜಶೇಖರ ಭೂಸನೂರಮಠ ಮೊದಲಾದವರು ವೈಜ್ಞಾನಿಕ ಕಥಾಸಾಹಿತ್ಯವನ್ನು ಬೆಳೆಸಿದರು. ಆದರೂ ಅಂತರಿಕ್ಷ ಸಾಹಸವನ್ನು ಹೊರಗಿನಿಂದ ತಂದ ವಸ್ತುವೆಂದು ಭಾವಿಸುವುದುಂಟು. ಕೋಲಾರ ಜಿಲ್ಲೆಯ ಇತಿಹಾಸವು ಈ ಭಾವನೆಯನ್ನು ಮರುಪರಿಶೀಲನೆಗೆ ಒಡ್ಡುತ್ತದೆ.

ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಬಿ. ವಿ. ಶ್ರೀಕಂಠನ್ ಅವರು 1950ರ ದಶಕದ ಆರಂಭದಲ್ಲಿ ಕೋಲಾರದ ಚಿನ್ನದ ಗಣಿಗಳಲ್ಲಿ ವಿಶ್ವಕಿರಣಗಳ ಅಳತೆಯನ್ನು ಕೈಗೊಂಡರು. ಆಕಾಶದಿಂದ ಬರುವುದನ್ನು ಅರಿಯಲು ಪಾತಾಳಕ್ಕೆ ಇಳಿದದ್ದು ವಿಚಿತ್ರವೆನಿಸಬಹುದು. ಇದರ ಕಾರಣ ಸರಳವಾದದ್ದು: ಮೇಲಿನ ಬಂಡೆಯೇ ಇಲ್ಲಿ ಜರಡಿ. ಆಳ ಹೆಚ್ಚಿದಂತೆ ಇತರ ಕಣಗಳು ತಡೆಯಲ್ಪಟ್ಟು, ಬಂಡೆಯನ್ನು ಲೆಕ್ಕಿಸದ ನ್ಯೂಟ್ರಿನೋವಿನ ಕುರುಹು ಸ್ಪಷ್ಟವಾಗುತ್ತದೆ. ಟಾಟಾ ಸಂಸ್ಥೆಯವರು ಜಪಾನಿನ ಒಸಾಕಾ ನಗರ ವಿಶ್ವವಿದ್ಯಾಲಯ ಮತ್ತು ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯಗಳ ಸಹಯೋಗದಲ್ಲಿ, ಚಾಂಪಿಯನ್ ರೀಫ್ ಗಣಿಯ ಸುಮಾರು 2.3 ಕಿಲೋಮೀಟರ್ ಆಳದಲ್ಲಿ ಉಪಕರಣಗಳನ್ನಿರಿಸಿದರು. ವಿಶ್ವಕಿರಣಗಳು ವಾಯುಮಂಡಲಕ್ಕೆ ಬಡಿದಾಗ ಹುಟ್ಟುವ ನ್ಯೂಟ್ರಿನೋಗಳು 1965ರಲ್ಲಿ ಅಲ್ಲಿ ಪತ್ತೆಯಾದವು. ಅದೇ ವರ್ಷ ದಕ್ಷಿಣ ಆಫ್ರಿಕದ ಚಿನ್ನದ ಗಣಿಯೊಂದರಲ್ಲಿಯೂ ಇಂಥದೇ ಫಲಿತಾಂಶ ದೊರೆಯಿತು. ವರ್ನ್‌ನ ಕಾದಂಬರಿಗೆ ಆಗ ಸರಿಯಾಗಿ ನೂರು ವರ್ಷ. ಇಡೀ ಭೂಮಿಯನ್ನೇ ತೂರಿ, ಬಹುಮಟ್ಟಿಗೆ ಯಾರ ಕೈಗೂ ಸಿಗದೆ ಸಾಗುವ ಈ ಕಣದಲ್ಲಿ ತುಂಟ ಕಪ್ತಾನನ ಲಕ್ಷಣಗಳೆಲ್ಲ ಇವೆ.

ಲಘುಧಾಟಿಯೂ ಈ ಸೀಮೆಗೆ ಅಪರಿಚಿತವಲ್ಲ. ಮುಳಬಾಗಿಲಿನಲ್ಲಿ ಜನಿಸಿದ ಡಿ. ವಿ. ಗುಂಡಪ್ಪನವರು 1943ರ 'ಮಂಕುತಿಮ್ಮನ ಕಗ್ಗ'ದಲ್ಲಿ ವಿಶ್ವರಹಸ್ಯದ ಜಿಜ್ಞಾಸೆಯನ್ನು ಮಂಕನೊಬ್ಬನ ಹೆಸರಿನಲ್ಲಿ ನಡೆಸಿದರು. ಮಾಲೂರು ತಾಲ್ಲೂಕಿನ ಮಾಸ್ತಿ ವೆಂಕಟೇಶ ಅಯ್ಯಂಗಾರರು ಸಣ್ಣಕಥೆಗೆ ಆಪ್ತ ಮಾತುಕತೆಯ ಹದವನ್ನು ತಂದರು. ವಸ್ತುವೂ ಧಾಟಿಯೂ ಒಂದೇ ಜಿಲ್ಲೆಯಲ್ಲಿ ಲಭ್ಯವಿದ್ದವೆಂಬುದು ಗಮನಾರ್ಹ.

ಆಳದ ಪ್ರಯೋಗಗಳು 1990ರ ದಶಕದ ಆರಂಭದಲ್ಲಿ ನಿಂತವು. 2001ರ ಫೆಬ್ರವರಿ 28ರಂದು ಗಣಿಗಳೇ ಮುಚ್ಚಿದವು; ಆಳದ ಹಂತಗಳನ್ನು ನೀರು ತುಂಬಿತು. ವಿಜ್ಞಾನಿಗಳ ಫಲಿತಾಂಶಗಳು ಸಂಶೋಧನ ಪತ್ರಿಕೆಗಳಲ್ಲಿ ಉಳಿದಿವೆ. ಅವರ ಉಪಕರಣಗಳನ್ನು ಪಾತಾಳಕ್ಕೆ ಇಳಿಸಿದ ಗಣಿಕಾರ್ಮಿಕರ ಅನುಭವವಾದರೋ ನೆನಪಿನಲ್ಲಿ ಮಾತ್ರ ಉಳಿಯುವಂಥದು. ಅದು ದಾಖಲಾದರೆ ಇತಿಹಾಸಕ್ಕೆ ಆಕರವಾಗುವುದಲ್ಲದೆ, ಕನ್ನಡದ ಅಂತರಿಕ್ಷ ಕಥನಕ್ಕೆ ತನ್ನದೇ ನೆಲದ ಸಾಹಸಿಗರೂ ದೊರೆಯುತ್ತಾರೆ.