ಗೂಬೆ ಕೂರಿಸಿದವರು ಯಾರು?

ದಾಬಸ್‌ಪೇಟೆಯ ಹೆದ್ದಾರಿ ಪಕ್ಕದ ಟೀ ಅಂಗಡಿಗಳಲ್ಲಿ ದಿನಕ್ಕೊಮ್ಮೆಯಾದರೂ ಕಿವಿಗೆ ಬೀಳುವ ಮಾತಿದು: ‘ಸುಮ್‌ಸುಮ್ನೆ ನನ್ ಮೇಲೆ ಗೂಬೆ ಕೂರಿಸ್ಬೇಡ ಕಣಣ್ಣ.’ ಲಾರಿಗೆ ಲೋಡು ತಡವಾಗಲಿ, ಚೀಟಿ ದುಡ್ಡು ಕಮ್ಮಿ ಬೀಳಲಿ, ತೋಟದ ಮೋಟರು ಸುಟ್ಟುಹೋಗಲಿ, ಈ ಹಕ್ಕಿ ಬಂದೇ ಬರುತ್ತದೆ. ಜಗಳ ವಿಧಾನಸೌಧದ್ದಾದರೆ ಮರುದಿನ ಪತ್ರಿಕೆಯ ತಲೆಬರಹದಲ್ಲೂ ಅದೇ ಗೂಬೆ.

ನನಗೆ ಈ ನುಡಿಗಟ್ಟಿನ ಮೇಲೆ ಬಹಳ ಪ್ರೀತಿ. ಗೂಬೆ ಕೂತರೆ ಕೇಡು ಎಂಬ ನಂಬಿಕೆಯಿಂದ ಹುಟ್ಟಿದ ಮಾತು, ನಿಜ. ಆದರೆ ಕ್ರಿಯಾಪದ ಗಮನಿಸಿ. ಗೂಬೆ ‘ಕೂತಿತು’ ಅನ್ನುವುದಿಲ್ಲ, ‘ಕೂರಿಸಿದರು’ ಅನ್ನುತ್ತೇವೆ. ಅದೂ ತಪ್ಪೇ ಮಾಡದವನ ತಲೆಗೆ ತಪ್ಪು ಕಟ್ಟಿದಾಗ. ಹಕ್ಕಿ ತಾನಾಗಿ ಬಂದದ್ದಲ್ಲ, ಯಾರೋ ತಂದು ಕೂರಿಸಿದ್ದು ಎಂದು ಕನ್ನಡ ಯಾವಾಗಲೋ ತೀರ್ಪು ಕೊಟ್ಟುಬಿಟ್ಟಿದೆ.

ಪದದ ಹಳೆಯ ರೂಪ ‘ಗೂಗೆ’. ಉತ್ತರ ಕರ್ನಾಟಕದ ಬಾಯಲ್ಲಿ ಇಂದಿಗೂ ‘ಗೂಗಿ’. ತುಳುವಿನಲ್ಲಿ ಗುಮ್ಮೆ, ತೆಲುಗಿನಲ್ಲಿ ಗೂಬ, ತಮಿಳಿನಲ್ಲಿ ಕೂಗೈ, ಸಂಸ್ಕೃತದಲ್ಲಿ ಘೂಕ. ಒಂದೊಂದನ್ನೂ ಗಟ್ಟಿಯಾಗಿ ಹೇಳಿ ನೋಡಿ, ಹಕ್ಕಿಯ ದನಿಯೇ ಬಾಯಿಂದ ಬರುತ್ತದೆ. ಪದಗಳು ಬಾಯಿಂದ ಬಾಯಿಗೆ ಸವೆಯುವುದಕ್ಕೆ ಈ ಊರೇ ಸಾಕ್ಷಿಯಲ್ಲವೇ? 19ನೆಯ ಶತಮಾನದ ಬ್ರಿಟಿಷ್ ಅಧಿಕಾರಿ ಡಾಬ್ಸ್ ನಮ್ಮವರ ನಾಲಗೆಯ ಮೇಲೆ ದಾಬಸ್ ಆಗಿ ಉಳಿದಿದ್ದಾನೆ.

ಸಂಸ್ಕೃತದ ಇನ್ನೊಂದು ಹೆಸರು ‘ಉಲೂಕ’ಕ್ಕೆ ಮಾನ ಹೆಚ್ಚು. ಮಹಾಭಾರತದಲ್ಲಿ ಶಕುನಿ ಮಗನಿಗೆ ಇಟ್ಟದ್ದು ಆ ಹೆಸರನ್ನೇ. ಪರಮಾಣುವಿನ ವಿಚಾರ ಹೇಳಿದ ಕಣಾದನಿಗೂ ಉಲೂಕನೆಂಬ ಹೆಸರುಂಟು. ವಿಜಯನಗರ ಕಾಲದ ಮಾಧವನ ‘ಸರ್ವದರ್ಶನ ಸಂಗ್ರಹ’ದಲ್ಲಿ ಕಣಾದನ ವೈಶೇಷಿಕಕ್ಕೆ ಔಲೂಕ್ಯ ದರ್ಶನವೆಂದೇ ಹೆಸರು. ಅಂಥ ಹಕ್ಕಿ ನಮ್ಮ ಬೈಗುಳದಲ್ಲಿ ದಡ್ಡನಾಗಿದೆ.

‘ಗೂಬೆ ಥರ ಏನ್ ನೋಡ್ತಾ ನಿಂತಿದ್ದೀಯಾ?’ ಎಂದು ಮಕ್ಕಳನ್ನು ಗದರುತ್ತೇವೆ. ಗೂಬೆ ಹಾಗೆ ನೆಟ್ಟನೋಟ ನೋಡುವುದಕ್ಕೆ ಕಾರಣವಿದೆ: ಅದರ ಕಣ್ಣುಗುಡ್ಡೆ ಗೂಡಿನೊಳಗೆ ಹೊರಳುವುದೇ ಇಲ್ಲ. ಪಕ್ಕಕ್ಕೆ ನೋಡಬೇಕೆಂದರೆ ಇಡೀ ತಲೆಯನ್ನೇ ತಿರುಗಿಸಬೇಕು. ಅದಕ್ಕಾಗಿ ಕತ್ತಿನಲ್ಲಿ ನಮ್ಮ 7 ಮೂಳೆಗಳ ಎರಡರಷ್ಟು, 14 ಮೂಳೆಗಳಿವೆ. ತಲೆ ಸುಮಾರು 270 ಡಿಗ್ರಿ ತಿರುಗುತ್ತದೆ. ಕಿವಿಯಂತೂ ಇನ್ನೂ ಸೋಜಿಗ. ಕಣಜ ಗೂಬೆಯ ಒಂದು ಕಿವಿ ಇನ್ನೊಂದಕ್ಕಿಂತ ಮೇಲಿರುತ್ತದೆ. ಸದ್ದು ಎರಡು ಕಿವಿಗೂ ತಲುಪುವಾಗಿನ ಅತಿ ಸಣ್ಣ ವ್ಯತ್ಯಾಸದಿಂದಲೇ ಅದು ಕಗ್ಗತ್ತಲಲ್ಲಿ ಇಲಿ ಎಲ್ಲಿದೆಯೆಂದು ತಿಳಿದು ಎರಗುತ್ತದೆ.

ಮನೆಯ ಮೇಲೆ ಕೂರುವುದು ಹೆಚ್ಚಾಗಿ ಈ ಕಣಜ ಗೂಬೆಯೇ. ಶಿವಗಂಗೆಯಂಥ ಬಂಡೆಬೆಟ್ಟದ ಸಂದುಗಳನ್ನು ಮೆಚ್ಚುವುದು ಕೊಂಬಿನ ಗೂಬೆ. ಕಣಜ ಗೂಬೆಗೆ ಬೇಕಾದದ್ದು ಹಳೆ ಅಟ್ಟ, ಗೋದಾಮು. ರಾಗಿ ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಗೂಬೆ. ಹಗೇವಿನಲ್ಲಿ ರಾಗಿ ತುಂಬಿಡುತ್ತಿದ್ದ ಕಾಲಕ್ಕೂ ಇದೇ ಲೆಕ್ಕ. ಮನೆಯ ಮೇಲೆ ಗೂಬೆ ಕೂತಿತೆಂದು ಬೀಗ ಹಾಕಿ ಬೇರೆಡೆ ಹೋಗಿ ಇರುವವರ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಅದು ಬಂದದ್ದು ಅವರ ಕಾಳು ಕಾಯುವುದಕ್ಕೆ. ದೀಪಾವಳಿ ಹೊತ್ತಿಗೆ ಮಾಟಮಂತ್ರಕ್ಕೆಂದು ಗೂಬೆ ಹಿಡಿದು ಮಾರುವವರ ಬಗ್ಗೆ ಮಾತ್ರ ನನಗೆ ಕನಿಕರವಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅದು ಅಪರಾಧ.

ಇಷ್ಟಾಗಿಯೂ ಇದೇ ಕುಲದ ಒಂದು ಹಕ್ಕಿಯನ್ನು ನಮ್ಮವರು ತಲೆಯ ಮೇಲಿಟ್ಟುಕೊಂಡಿದ್ದಾರೆ. ಬೆಳಗಿನ ಜಾವ ಬುಡಬುಡಿಕೆಯವನು ಬಾಗಿಲಿಗೆ ಬಂದು ಶುಭ ನುಡಿಯಿತೆಂದು ಹೇಳುವ ಹಾಲಕ್ಕಿ, ಮೈತುಂಬ ಚುಕ್ಕೆಯಿರುವ ಗಿಡ್ಡ ಗೂಬೆಯೇ. ಅವನಿಗೆ ಮೊರದಲ್ಲಿ ರಾಗಿ ಕೊಟ್ಟ ಮನೆಯವರೇ, ಸಂಜೆ ಅದು ಜೋಡಿಯಾಗಿ ಕೂತು ಕಿಚಿಗುಟ್ಟಿದರೆ ‘ಹಾಳು ಗೂಬೆ’ ಎಂದು ಕಲ್ಲು ಎತ್ತಿಕೊಳ್ಳುವುದುಂಟು. ಮಕ್ಕಳಿಗೆ ಮರದ ಪೊಟರೆ ತೋರಿಸುವಾಗ ಹಾಲಕ್ಕಿ ಎಂಬ ಹೆಸರನ್ನೇ ಮೊದಲು ಹೇಳಿಕೊಡಬೇಕೆಂಬುದು ನನ್ನಾಸೆ. ಹೆದರಿಕೆಯಿಲ್ಲದ ಮಗು ‘ಅದು ಏನ್ ತಿನ್ನುತ್ತೆ?’ ಎಂದು ತಾನೇ ಕೇಳುತ್ತದೆ. ಜೀರುಂಡೆ, ಮಿಡತೆ, ಹಲ್ಲಿ, ಇಲಿಮರಿ.