ಆಟದ ನಿಯಮ ಯಾರಪ್ಪನ ಆಸ್ತಿ?

ಡಂಜನ್ಸ್ ಅಂಡ್ ಡ್ರಾಗನ್ಸ್ ಅಂದ್ರೆ ಟೇಬಲ್ ಸುತ್ತ ನಾಲ್ಕೈದು ಜನ ಕೂತು ಕತೆ ಕಟ್ಟೋ ಆಟ. ಒಬ್ಬರು ಕತೆಯ ಲೋಕವನ್ನು ವಿವರಿಸ್ತಾರೆ, ಉಳಿದವರು ಒಂದೊಂದು ಪಾತ್ರವಾಗಿ ಮಾತಾಡ್ತಾರೆ. ಕತ್ತಿಯ ಏಟು ಬಿತ್ತೋ ತಪ್ಪಿತೋ ಅಂತ ಇಪ್ಪತ್ತು ಮುಖದ ದಾಳ ಹೇಳುತ್ತೆ. ವೇಷವಿಲ್ಲದೆ ಕೂತಲ್ಲೇ ಪಾತ್ರ ಕಟ್ಟೋದು ತಾಳಮದ್ದಳೆ ಕೇಳಿ ಬೆಳೆದ ನನ್ನಂಥ ಹಳ್ಳಿಯವರಿಗೆ ಹೊಸದಲ್ಲ. ಆದರೆ ಈ ಆಟಕ್ಕೊಂದು ಕಂಪನಿಯ ಮಾಲೀಕತ್ವ ಇದೆ. ಇದರ ಇತಿಹಾಸವೆಲ್ಲ ಆ ಜಗಳವೇ.

ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ ಆಟವನ್ನು 1974ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಿಂದ ಟಿಎಸ್‌ಆರ್ ಕಂಪನಿ ಪ್ರಕಟಿಸಿತು. ಮೊದಲ ಮುದ್ರಣ ಬರೀ 1000 ಪ್ರತಿ. 90ರ ದಶಕದಲ್ಲಿ ಅಭಿಮಾನಿಗಳು ತಾವೇ ಬರೆದ ಸಾಹಸಗಳನ್ನು ಇಂಟರ್ನೆಟ್‌ಗೆ ಹಾಕಿದಾಗ, ಇದೇ ಕಂಪನಿ 'ತೆಗೀರಿ' ಅಂತು. ಸಾಲದಲ್ಲಿ ಮುಳುಗಿದ್ದ ಟಿಎಸ್‌ಆರ್ ಅನ್ನು 1997ರಲ್ಲಿ ವಿಜರ್ಡ್ಸ್ ಆಫ್ ದ ಕೋಸ್ಟ್ ಕೊಂಡಿತು.

ಅಲ್ಲಿದ್ದ ರಯಾನ್ ಡ್ಯಾನ್ಸಿ ನಮ್ಮ ಸಾಫ್ಟ್‌ವೇರ್ ಲೋಕದ ಕಡೆ ನೋಡಿದರು. ಓಪನ್ ಸೋರ್ಸ್‌ನಿಂದ ಸ್ಫೂರ್ತಿ ಪಡೆದು 2000ದಲ್ಲಿ ಓಪನ್ ಗೇಮ್ ಲೈಸೆನ್ಸ್ ಬಂತು. ಮೂಲ ನಿಯಮ ಬಳಸಿ ಯಾರು ಬೇಕಾದರೂ ಪುಸ್ತಕ ಬರೆದು ಮಾರಬಹುದು. ಹೆಚ್ಚು ಜನ ಬರೆದಷ್ಟೂ ಮೂಲ ಪುಸ್ತಕವೇ ಹೆಚ್ಚು ಖರ್ಚಾಗುತ್ತೆ ಅನ್ನೋ ಲೆಕ್ಕ. 2008ರ ನಾಲ್ಕನೇ ಆವೃತ್ತಿಗೆ ಕಂಪನಿ ಬಿಗಿ ಲೈಸೆನ್ಸ್ ತಂದಾಗ, ಪೈಜೊ ಸಂಸ್ಥೆ ಹಳೇ ನಿಯಮಗಳನ್ನೇ ತಗೊಂಡು 2009ರಲ್ಲಿ ಪಾತ್‌ಫೈಂಡರ್ ತಂದಿತು. ನಮ್ಮ ಭಾಷೇಲಿ ಹೇಳೋದಾದ್ರೆ, ಫೋರ್ಕ್ ಮಾಡಿತು.

2023ರ ಜನವರಿಯಲ್ಲಿ ಹೊಸ ಲೈಸೆನ್ಸಿನ ಕರಡು ಸೋರಿಕೆಯಾಯ್ತು. ಹಳೇ ಲೈಸೆನ್ಸ್ ಇನ್ನು ನಡೆಯಲ್ಲ, ವರ್ಷಕ್ಕೆ 7,50,000 ಡಾಲರ್ ಮೀರಿದ ಆದಾಯಕ್ಕೆ 25%ವರೆಗೆ ರಾಯಲ್ಟಿ ಕೊಡಿ ಅಂತ ಅದರಲ್ಲಿತ್ತು. ಇಪ್ಪತ್ತು ವರ್ಷ ಆ ಲೈಸೆನ್ಸನ್ನು ನಂಬಿ ಹೊಟ್ಟೆ ಹೊರೆದವರಿಗೆ ನೆಲವೇ ಕುಸಿದಂತಾಯ್ತು. ಅಭಿಮಾನಿಗಳು ಸುಮ್ಮನಿರಲಿಲ್ಲ, ಕಂಪನಿಯ ಡಿ ಅಂಡ್ ಡಿ ಬಿಯಾಂಡ್ ಚಂದಾ ರದ್ದು ಮಾಡತೊಡಗಿದರು. ಜನವರಿ 27ಕ್ಕೆ ಕಂಪನಿ ಹಿಂದೆ ಸರಿದು, ಮೂಲ ನಿಯಮಗಳನ್ನು ಕ್ರಿಯೇಟಿವ್ ಕಾಮನ್ಸ್‌ಗೆ ಬಿಟ್ಟಿತು. ಅದನ್ನು ವಾಪಸ್ ಕಿತ್ಕೊಳ್ಳೋಕೆ ಆಗಲ್ಲ.

ಹಾಗಾದ್ರೆ ಗೆದ್ದಾಯ್ತಾ? ನನಗೆ ಹಾಗನ್ನಿಸಲ್ಲ. 2024ರ ಆಗಸ್ಟ್‌ನಲ್ಲಿ ಅದೇ ಡಿ ಅಂಡ್ ಡಿ ಬಿಯಾಂಡ್, ಆಟಗಾರರ ಪಾತ್ರಗಳಲ್ಲಿದ್ದ ಹಳೇ ಮಂತ್ರಗಳನ್ನು ಹೊಸ ಆವೃತ್ತಿಗೆ ಬದಲಿಸಲು ಹೊರಟು, ಗಲಾಟೆಯಾದ ಮೇಲೆ ಕೈಬಿಟ್ಟಿತು. ಕಪಾಟಿನಲ್ಲಿರೋ ಪುಸ್ತಕವನ್ನು ಯಾರೂ ರಾತ್ರೋರಾತ್ರಿ ತಿದ್ದಲಾರರು, ಸರ್ವರ್‌ನಲ್ಲಿರೋದನ್ನು ತಿದ್ದಬಹುದು. ನಿಯಮ ಈಗ ಎಲ್ಲರದು. ಮುಂದಿನ ಜಗಳ ಆಡೋ ಜಾಗದ್ದು. ದಾಳ, ಕಾಗದ, ನಾಲ್ಕು ಜನ ಗೆಳೆಯರು ಇದ್ದರೆ ಆ ಜಾಗವೂ ನಮ್ಮದೇ.