ತಂತ್ರಾಂಶದ ಮನೆಗೆ ಪಂಚಾಂಗ ಯಾವುದು?

ಕರಾವಳಿಯಲ್ಲಿ ಮನೆ ಕಟ್ಟುವವರಿಗೆ ಮೊದಲ ಚಿಂತೆ ಪಂಚಾಂಗದ್ದು. ಮಾಡಿನ ಹಂಚು ಬದಲಿಸಬಹುದು, ಗೋಡೆ ಒಡೆದು ಕಟ್ಟಬಹುದು. ಪಂಚಾಂಗ ಬದಲಿಸಬೇಕಾದರೆ ಮನೆಯನ್ನೇ ಕೆಡವಬೇಕು. ತಂತ್ರಾಂಶ ಉದ್ಯಮಕ್ಕೂ ಈ ಮಾತು ಸಲ್ಲುತ್ತದೆ. ಬಳಕೆದಾರರ ಗುರುತು, ಮಾಹಿತಿಯ ಸಂಗ್ರಹ, ಪುಟಗಳ ಜೋಡಣೆ ಹೀಗೆ ಎಲ್ಲ ಜಾಲತಾಣಗಳಿಗೂ ಬೇಕಾಗುವ ಕೆಲಸವನ್ನು ಮೊದಲೇ ಮಾಡಿಟ್ಟ ಚೌಕಟ್ಟೇ ವೆಬ್ ಫ್ರೇಮ್‌ವರ್ಕ್. ಮೂಡುಬಿದಿರೆಯಲ್ಲೋ ಬೆಳ್ತಂಗಡಿ ತಾಲೂಕಿನ ಉಜಿರೆಯಲ್ಲೋ ಎಂಜಿನಿಯರಿಂಗ್ ಓದಿ, ಬಂಟ್ವಾಳದಂಥ ಪೇಟೆಯಲ್ಲೇ ಕಂಪನಿ ತೆರೆಯಬಯಸುವ ತರುಣರ ಮುಂದೆ ಇಂಥ ಚೌಕಟ್ಟುಗಳು ಹತ್ತಾರಿವೆ. ಯಾವುದನ್ನು ಆರಿಸುವುದು?

ಇವುಗಳ ಇತಿಹಾಸವೇ ಒಂದು ಸುಳಿವು ಕೊಡುತ್ತದೆ. ಜ್ಯಾಂಗೊ ಹುಟ್ಟಿದ್ದು ಅಮೆರಿಕದ ಕನ್ಸಾಸ್ ರಾಜ್ಯದ 'ಲಾರೆನ್ಸ್ ಜರ್ನಲ್-ವರ್ಲ್ಡ್' ಎಂಬ ಊರ ಪತ್ರಿಕೆಯ ಕಚೇರಿಯಲ್ಲಿ. ಗಡುವಿನೊಳಗೆ ಪುಟ ಸಿದ್ಧವಾಗಬೇಕೆಂಬ ಒತ್ತಡದಲ್ಲಿ ಏಡ್ರಿಯನ್ ಹೊಲೊವಾಟಿ ಮತ್ತು ಸೈಮನ್ ವಿಲಿಸನ್ 2003ರಲ್ಲಿ ಕಟ್ಟಿದ ಚೌಕಟ್ಟು 2005ರಲ್ಲಿ ಎಲ್ಲರಿಗೂ ಮುಕ್ತವಾಯಿತು. 2004ರಲ್ಲಿ ಬಂದ ರೈಲ್ಸ್ ಕೂಡ ಬೇಸ್‌ಕ್ಯಾಂಪ್ ಎಂಬ ತಂತ್ರಾಂಶದ ಕೆಲಸದಿಂದಲೇ ಹೊರಬಂದದ್ದು. 2006ರಲ್ಲಿ ರೈಲ್ಸ್ ಮೇಲೆ ಆರಂಭವಾದ ಟ್ವಿಟರ್, ಬಳಕೆದಾರರು ಹೆಚ್ಚಿದಂತೆ ಹಲವು ಭಾಗಗಳನ್ನು ಬೇರೆ ಭಾಷೆಗಳಿಗೆ ಸಾಗಿಸಬೇಕಾಯಿತು. ಆದರೆ ಆ ಹೊತ್ತಿಗೆ ಅದು ಬೆಳೆದು ನಿಂತಿತ್ತು. ಕೈಗೆ ಒಗ್ಗಿದ ಚೌಕಟ್ಟಿನಲ್ಲಿ ಬೇಗ ಆರಂಭಿಸುವುದು ತಪ್ಪಲ್ಲ.

ಬದಲಿಸಲಾಗದ ಪಂಚಾಂಗ ಬೇರೆ ಇದೆ. ಅದು ಮಾಹಿತಿಯನ್ನು ಕೂಡಿಡುವ ರೀತಿ. ಕನ್ನಡಿಗರು ಈ ಪಾಠವನ್ನು ದುಬಾರಿ ಬೆಲೆಗೆ ಕಲಿತರು. 1990ರ ದಶಕದ ಕನ್ನಡ ತಂತ್ರಾಂಶಗಳು ಅಕ್ಷರಗಳಿಗೆ ತಂತಮ್ಮದೇ ಸಂಕೇತಗಳನ್ನು ಬಳಸಿದವು. ಒಂದರಲ್ಲಿ ಬೆರಳಚ್ಚಿಸಿದ್ದು ಇನ್ನೊಂದರಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳ ರಾಶಿ. 1991ರ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲೇ ಕನ್ನಡವಿದ್ದರೂ ಸಾಮಾನ್ಯ ಗಣಕಗಳು ಅದನ್ನು ಅರಗಿಸಿಕೊಳ್ಳಲು ಮತ್ತೊಂದು ದಶಕವೇ ಬೇಕಾಯಿತು. ಅಷ್ಟರಲ್ಲಿ ಬೆಟ್ಟದಷ್ಟು ಬೆಳೆದಿದ್ದ ಕಡತಗಳನ್ನು ಪರಿವರ್ತಕಗಳಿಂದ ಬದಲಿಸಿ, ತಪ್ಪು ತಿದ್ದುವ ಕೆಲಸ ವರ್ಷಗಟ್ಟಲೆ ನಡೆಯಿತು.

ಇದೇ ಕಾಲದ ಇನ್ನೊಂದು ಆಯ್ಕೆ ಮಾತ್ರ ಉಳಿಯಿತು. ಮಂಗಳೂರು ಸಮೀಪದ ಕಿನ್ನಿಕಂಬಳದ ಕೆ. ಪಿ. ರಾವ್ ರೂಪಿಸಿದ ಕೀಲಿಮಣೆ ಕನ್ನಡದ ಧ್ವನಿಯ ಕ್ರಮವನ್ನೇ ಆಧರಿಸಿತ್ತು. ವ್ಯಂಜನಕ್ಕೆ ಸ್ವರ ಸೇರಿಸಿದರೆ ಗುಣಿತಾಕ್ಷರವನ್ನು ಗಣಕವೇ ಮೂಡಿಸುತ್ತದೆ. ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರಿಟ್ಟ ತಂತ್ರಾಂಶವನ್ನು ರಾವ್ ಉಚಿತವಾಗಿ ಹಂಚಿದರು. ಅವರ ವಿನ್ಯಾಸವನ್ನೇ ರಾಜ್ಯ ಸರಕಾರ ಸಣ್ಣಪುಟ್ಟ ಮಾರ್ಪಾಡುಗಳೊಂದಿಗೆ ಶಿಷ್ಟ ಕೀಲಿಮಣೆಯಾಗಿ ಒಪ್ಪಿಕೊಂಡಿತು. ಹಳೆಯ ಸಂಕೇತಗಳು ಮೂಲೆ ಸೇರಿದವು. ಕೀಲಿಮಣೆ ಇಂದಿಗೂ ಬಳಕೆಯಲ್ಲಿದೆ.

ಆದ್ದರಿಂದ ಹೊಸ ಉದ್ಯಮಿ ಕೇಳಬೇಕಾದ ಪ್ರಶ್ನೆಗಳು ಮೂರು: ಈ ಚೌಕಟ್ಟನ್ನು ಬಲ್ಲವರು ಊರಲ್ಲಿ ಸಿಗುತ್ತಾರೆಯೇ? ನಾಳೆ ಅದನ್ನು ನೋಡಿಕೊಳ್ಳುವವರಿದ್ದಾರೆಯೇ? ಬಿಟ್ಟು ಹೊರಟರೆ ಮಾಹಿತಿ ಜೊತೆಗೆ ಬರುತ್ತದೆಯೇ? ಮೂರನೆಯದೇ ಮುಖ್ಯ. ಮೂಡುಬಿದಿರೆಯಲ್ಲಿ ಹಳೆಯ ಕನ್ನಡ ಲಿಪಿಯ ತಾಳೆಗರಿಗಳಲ್ಲಿ ಉಳಿದಿದ್ದ ಜೈನರ ಧವಲಾ ಗ್ರಂಥ ದೇವನಾಗರಿಗೆ ಪ್ರತಿಯಾದ ಮೇಲೆ, 1939ರಿಂದ ಮುದ್ರಣಗೊಂಡು ದೇಶಕ್ಕೆಲ್ಲ ದೊರೆಯಿತು. ಗರಿ ಎಂದಾದರೂ ಜೀರ್ಣವಾಗುವಂಥದೇ. ಬರಹ ಗರಿಯಿಂದ ಗರಿಗೆ ದಾಟುವಂತಿದ್ದರೆ ಸಾಕು.